ಮೂರು ವರ್ಷಕ್ಕೆ ಕಟ್ಟಿದ್ದು 4,205, ಈಗ ಒಂದು ವರ್ಷಕ್ಕೆ 11,119: ಅಗ್ಗದ ಹೋಸ್ಟಿಂಗ್‌ನ ರಿನ್ಯೂವಲ್ ಬಿಲ್ ಬಗ್ಗೆ

ಶಿರಸಿ_ತಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ ಶಿರಸಿ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು ಮಾಡಿ ಮಾರುತ್ತಾರೆ. ಆರ್ಡರ್ ತಗೊಳ್ಳುವುದಕ್ಕೆ ಒಂದು ಸಣ್ಣ ವೆಬ್‌ಸೈಟ್ ಇದೆ. ಅದನ್ನು ನೋಡಿಕೊಳ್ಳುವುದು ನಾನು. ಮೂರು ವರ್ಷದ ಹಿಂದೆ "ತಿಂಗಳಿಗೆ ಬರೀ 99 ರೂಪಾಯಿ, ಡೊಮೈನ್ ಉಚಿತ" ಅನ್ನುವ ಜಾಹೀರಾತು ನೋಡಿ ಒಂದು ಕಂಪನಿಯಲ್ಲಿ ಹೋಸ್ಟಿಂಗ್ ತಗೊಂಡೆವು. ಹೋಸ್ಟಿಂಗ್ ಅಂದರೆ ಸೈಟ್ ಇಡಲು ಅವರ ಸರ್ವರ್‌ನಲ್ಲಿ ಬಾಡಿಗೆ ಜಾಗ, ಡೊಮೈನ್ ಅಂದರೆ ಸೈಟ್‌ನ ವಿಳಾಸ. ತಿಂಗಳಿಗೆ 99 ಅಂದರೂ 36 ತಿಂಗಳ ದುಡ್ಡನ್ನು ಒಟ್ಟಿಗೇ ಕಟ್ಟಿಸಿಕೊಂಡರು. ಜಿಎಸ್‌ಟಿ ಸೇರಿ 4,205 ರೂಪಾಯಿ 52 ಪೈಸೆ.

ಈಗ ರಿನ್ಯೂವಲ್ ಬಿಲ್ ಬಂದಿದೆ. ಒಂದೇ ವರ್ಷಕ್ಕೆ. ಬಿಲ್ಲಿನಲ್ಲಿ ಇರುವುದು ಹೀಗೆ:

ಹೋಸ್ಟಿಂಗ್, 12 ತಿಂಗಳು, ತಿಂಗಳಿಗೆ 499ರಂತೆ: 5,988
ಡಾಟ್ ಕಾಮ್ ಡೊಮೈನ್, 1 ವರ್ಷ: 1,299
ಸೈಟ್ ಸೆಕ್ಯುರಿಟಿ, 12 ತಿಂಗಳು: 1,188
ಡೈಲಿ ಬ್ಯಾಕಪ್, 12 ತಿಂಗಳು: 948
ಜಿಎಸ್‌ಟಿ ಶೇ 18: 1,696.14
ಒಟ್ಟು: 11,119.14

ಸೆಕ್ಯುರಿಟಿ, ಬ್ಯಾಕಪ್ ಎರಡನ್ನೂ ನಾವು ಕೇಳಿದ್ದೇ ಇಲ್ಲ. ಹಳೇ ಬಿಲ್ ತೆಗೆದು ನೋಡಿದರೆ ಎರಡೂ ಅದರಲ್ಲಿವೆ, ಮುಂದೆ "0 ರೂಪಾಯಿ" ಅಂತ ಇದೆ. ಆಗ ಸೊನ್ನೆ ಇದ್ದದ್ದು ಈಗ 2,136 ಆಗಿ ಬಂದು ಕೂತಿದೆ.

ಅಕ್ಕ ಕೇಳುವುದು ಇಷ್ಟೇ: "ಅದೇ ಸೈಟು, ಅದೇ ನಾಲ್ಕು ಪುಟ. ಏನು ಜಾಸ್ತಿ ಆಯಿತು ಅಂತ ಇಷ್ಟು ಕೇಳುತ್ತಾರೆ?" ಅವರಿಗೆ ಹೇಳಲು ನನ್ನ ಹತ್ತಿರ ಉತ್ತರ ಇಲ್ಲ. ಬಿಲ್ ಕಟ್ಟಬೇಕಾ, ಬೇರೆ ಕಡೆ ಹೋಗಬೇಕಾ, ದೂರು ಕೊಡುವ ದಾರಿ ಏನಾದರೂ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ವೆಬ್

ಸರ್, ಮೊದಲು ಆ ಪೇ ಬಟನ್ ಒತ್ತಬೇಡಿ. ಆಟೊ ರಿನ್ಯೂ ಆನ್ ಇದ್ದರೆ ಈಗಲೇ ಹೋಗಿ ಆಫ್ ಮಾಡಿ. ಹೋಸ್ಟಿಂಗ್‌ಗೆ ಒಂದು, ಡೊಮೈನ್‌ಗೆ ಒಂದು, ಆ ಸೆಕ್ಯುರಿಟಿ ಬ್ಯಾಕಪ್‌ಗೆ ಬೇರೆ ಬೇರೆ ಸ್ವಿಚ್ ಇರುತ್ತದೆ. ಒಂದನ್ನು ಆಫ್ ಮಾಡಿದರೆ ಉಳಿದವು ತಾವಾಗಿ ಆಫ್ ಆಗುವುದಿಲ್ಲ. ಡೊಮೈನ್‌ದು ಮಾತ್ರ ಹಾಗೇ ಇರಲಿ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ನಾನು ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಅಂಗಡಿ, ಶಾಲೆ, ಕ್ಲಿನಿಕ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಇಂಥ ಬಿಲ್ ನನ್ನ ಗಿರಾಕಿಗಳಿಗೂ ಬರುತ್ತದೆ. ಫೋನ್ ಬರುವುದು ನನಗೆ. "ನೀವೇ ಹಾಕಿಕೊಟ್ಟಿದ್ರಲ್ಲ, ಈಗ ನೋಡಿದರೆ ಇಷ್ಟು ಕೇಳುತ್ತಾರೆ" ಅಂತ. ಊರಲ್ಲಿ ಹೆಸರು ಕೆಡುವುದು ಕಂಪನಿಯದ್ದಲ್ಲ, ನಮ್ಮದು.

99ರ ಲೆಕ್ಕ ಹೇಗೆ ಅಂದರೆ, ಅದು 36 ಅಥವಾ 48 ತಿಂಗಳು ಮುಂಗಡ ಕಟ್ಟುವವರಿಗೆ ಮಾತ್ರ. ಒಂದು ವರ್ಷಕ್ಕೆ ಅಂತ ಆರಿಸಿ ನೋಡಿ, ತಿಂಗಳ ದರ ಏರುತ್ತದೆ. ಒಂದೇ ತಿಂಗಳಿಗೆ ಅಂತ ಆರಿಸಿದರೆ ಇನ್ನೂ ಏರುತ್ತದೆ. ಮೇಲೆ ದೊಡ್ಡದಾಗಿ ಕಾಣುವುದು ಎಲ್ಲಕ್ಕಿಂತ ಕಡಿಮೆ ಇರುವ ಅಂಕಿ, ಅದೂ ಜಿಎಸ್‌ಟಿ ಬಿಟ್ಟು. ರಿನ್ಯೂವಲ್ ದರ ಅದರ ಕೆಳಗೆ ತೆಳು ಬೂದು ಬಣ್ಣದಲ್ಲಿ ಇರುತ್ತದೆ. ಕೆಲವು ಕಡೆ ಅದೂ ಇರುವುದಿಲ್ಲ, ಬರೀ ಒಂದು ನಕ್ಷತ್ರ ಚಿಹ್ನೆ.

ನೇರ_ವ್ಯಾಪಾರಿ

ಎಲ್ಲರೂ ಕಂಪನಿಯನ್ನೇ ಬೈಯುವ ಮೊದಲು ಒಂದು ಮಾತು. ಮೊದಲ ಅವಧಿಗೆ ರಿಯಾಯಿತಿ ಅಂತ ಅವರು ಬರೆದಿರುತ್ತಾರೆ. ನಾನೂ ಅಂಗಡಿ ನಡೆಸುತ್ತೇನೆ. ಯುಗಾದಿಗೆ ಶೇ 50 ರಿಯಾಯಿತಿಯಲ್ಲಿ ಸೀರೆ ಕೊಟ್ಟರೆ ದೀಪಾವಳಿಗೂ ಅದೇ ಬೆಲೆಗೆ ಕೊಡಿ ಅಂತ ಯಾರೂ ಕೇಳುವುದಿಲ್ಲ. ಮೂರು ವರ್ಷ 99ಕ್ಕೆ ಅನುಭವಿಸಿದ್ದೀರಿ. ಆ ಲಾಭ ನಿಮಗೇ ಆಯಿತು ಅಲ್ವಾ? ಕಟ್ಟುವ ಮೊದಲು ಷರತ್ತು ಓದುವುದು ಗಿರಾಕಿಯ ಜವಾಬ್ದಾರಿ.

ಶಿರಸಿ_ತಮ್ಮ

ನೇರ_ವ್ಯಾಪಾರಿಯವರೇ, ಷರತ್ತು ಓದಿಯೇ ಕಟ್ಟಿದ್ದು. ಆವತ್ತಿನ ಪುಟದ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಅದರಲ್ಲಿ ಇರುವ ಸಾಲು ಇಷ್ಟೇ: "ರಿನ್ಯೂವಲ್ ಸಮಯದಲ್ಲಿ ಆಗ ಚಾಲ್ತಿಯಲ್ಲಿರುವ ಸಾಮಾನ್ಯ ದರ ಅನ್ವಯಿಸುತ್ತದೆ." ಅಂಕಿ ಎಲ್ಲೂ ಇಲ್ಲ. ಆ "ಸಾಮಾನ್ಯ ದರ" ಎಷ್ಟು ಅಂತ ನೋಡಲು ಕೊಟ್ಟ ಲಿಂಕ್ ಒತ್ತಿದರೆ ಮತ್ತೆ ಅದೇ 99ರ ಜಾಹೀರಾತು ಪುಟಕ್ಕೆ ಹೋಗುತ್ತದೆ. ಓದಿದರೂ ತಿಳಿಯದ ಹಾಗೆ ಬರೆದಿದ್ದರೆ ಗಿರಾಕಿ ಏನು ಮಾಡಬೇಕು?

ಸೀರೆ ಒಂದು ಸಲ ತಗೊಂಡರೆ ಮುಗಿಯಿತು. ಇನ್ನೊಂದು ಬೇಕಾದರೆ ಪಕ್ಕದ ಅಂಗಡಿಗೆ ಹೋಗಬಹುದು. ಇಲ್ಲಿ ಅಕ್ಕನ ಉಪ್ಪಿನಕಾಯಿ ಡಬ್ಬಿಗಳ ಲೇಬಲ್ ಮೇಲೆ ಆ ವೆಬ್‌ಸೈಟ್ ವಿಳಾಸ ಅಚ್ಚಾಗಿದೆ. ಆರ್ಡರ್ ಎಲ್ಲ ಅದೇ ಹೆಸರಿನ ಇಮೇಲ್‌ಗೆ ಬರುತ್ತದೆ. ಇಷ್ಟೆಲ್ಲ ಅವರ ಕೈಯಲ್ಲಿ ಇರುವಾಗ "ಬೇಡ ಅಂದರೆ ಬಿಡಿ" ಅನ್ನುವುದು ಸುಲಭ ಅಲ್ಲ. ಅದು ಅವರಿಗೆ ಗೊತ್ತು. ಐದು ಪಟ್ಟು ಬೆಲೆ ಕೇಳುವುದು ಆ ಧೈರ್ಯದಿಂದಲೇ.

ಜಯನಗರ_ಸಿಸ್‌ಅಡ್ಮಿನ್

ನಾನು ಬೆಂಗಳೂರಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ಇದ್ದೇನೆ. ಮೊದಲು ಒಂದು ಹೋಸ್ಟಿಂಗ್ ಕಂಪನಿಯ ಸಪೋರ್ಟ್‌ನಲ್ಲೂ ಇದ್ದೆ. ಒಳಗಿನ ಲೆಕ್ಕ ಸ್ವಲ್ಪ ಹೇಳಿದರೆ ಅಕ್ಕನ ಪ್ರಶ್ನೆಗೆ ಉತ್ತರ ಸಿಗಬಹುದು.

ಒಂದು ಸರ್ವರ್ ಮೇಲೆ ನೂರಾರು ಸೈಟ್ ಕೂರಿಸುತ್ತಾರೆ. ಹೆಚ್ಚಿನವು ನಿಮ್ಮ ಅಕ್ಕನ ಸೈಟ್ ಥರ, ದಿನಕ್ಕೆ ಕೆಲವರು ಬಂದು ಹೋಗುವಂಥವು. ಅಂಥ ಸೈಟ್‌ನಿಂದ ಸರ್ವರ್‌ಗೆ ಆಗುವ ಖರ್ಚು ತೀರಾ ಕಡಿಮೆ. ಮೂರು ವರ್ಷದಲ್ಲಿ ಅದು ಐದು ಪಟ್ಟು ಆಗಿಲ್ಲ.

ಖರ್ಚು ಏರಿಲ್ಲ ಅಂತಲ್ಲ. 2019ರಲ್ಲಿ ಸಿಪ್ಯಾನಲ್ (ಹೋಸ್ಟಿಂಗ್ ನಿಭಾಯಿಸುವ ಸಾಫ್ಟ್‌ವೇರ್) ತನ್ನ ಲೈಸೆನ್ಸ್ ದರವನ್ನು ಒಂದೊಂದು ಅಕೌಂಟ್ ಲೆಕ್ಕಕ್ಕೆ ಬದಲಾಯಿಸಿತು. ಅದಕ್ಕೂ ಮೊದಲು ಒಂದು ಸರ್ವರ್‌ಗೆ ಒಂದು ದರ ಇತ್ತು. ಆಗ ಸಣ್ಣ ಹೋಸ್ಟಿಂಗ್ ಕಂಪನಿಗಳಿಗೆ ಜೋರು ಏಟು ಬಿತ್ತು. ಆದರೆ ಅದು ಒಂದು ಅಕೌಂಟ್‌ಗೆ ತಿಂಗಳಿಗೆ ನಾನ್ನೂರು ರೂಪಾಯಿ ಹೆಚ್ಚಿಸುವಂಥದ್ದಲ್ಲ.

ದುಡ್ಡು ಹೋಗುವುದು ಜಾಹೀರಾತಿಗೆ. "ಬೆಸ್ಟ್ ಹೋಸ್ಟಿಂಗ್" ಅಂತ ಹುಡುಕಿದರೆ ಬರುವ ವಿಮರ್ಶೆ ಪುಟಗಳಲ್ಲಿ ಬಹಳಷ್ಟು ಕಮಿಷನ್ ಮೇಲೆ ನಡೆಯುವಂಥವು. ಅವರ ಲಿಂಕ್ ಒತ್ತಿ ಒಬ್ಬ ಗಿರಾಕಿ ಬಂದರೆ ಮೊದಲ ಬಿಲ್ಲಿನ ದೊಡ್ಡ ಪಾಲು ವಿಮರ್ಶೆ ಬರೆದವರಿಗೆ ಹೋಗುತ್ತದೆ. ಯೂಟ್ಯೂಬ್‌ನ ಕೂಪನ್ ಕೋಡ್‌ಗಳೂ ಹೆಚ್ಚಾಗಿ ಇದೇ ಲೆಕ್ಕ. ಹಾಗಾಗಿ ಮೊದಲ ಮೂರು ವರ್ಷ ಕಂಪನಿಗೆ ದೊಡ್ಡ ಲಾಭ ಇಲ್ಲ. ರಿನ್ಯೂವಲ್‌ನಲ್ಲಿ ಅದನ್ನು ವಸೂಲಿ ಮಾಡುತ್ತಾರೆ. 99 ಅನ್ನುವುದು ಗಿರಾಕಿಯನ್ನು ಒಳಗೆ ಕರೆಯಲು ಇಟ್ಟ ಬೆಲೆ. ಆ ವ್ಯಾಪಾರದ ನಿಜವಾದ ಬೆಲೆ ಮೊದಲಿನಿಂದಲೂ 499.

ಇನ್ನೊಂದು ವಿಷಯ. ಬೇರೆ ಬ್ರ್ಯಾಂಡ್‌ಗೆ ಹೋದರೆ ಬೇರೆ ಕಂಪನಿಗೆ ಹೋದ ಹಾಗೆ ಅಂತ ಅಂದುಕೊಳ್ಳಬೇಡಿ. ಬ್ಲೂಹೋಸ್ಟ್, ಹೋಸ್ಟ್‌ಗೇಟರ್ ಎರಡನ್ನೂ ಎಂಡ್ಯೂರೆನ್ಸ್ ಅನ್ನುವ ಅಮೆರಿಕದ ಕಂಪನಿ ಕೊಂಡುಕೊಂಡಿತ್ತು. ಮುಂಬೈಯಲ್ಲಿ ಶುರುವಾದ ಬಿಗ್‌ರಾಕ್ ಕೂಡ 2014ರಲ್ಲಿ ಅದಕ್ಕೇ ಸೇರಿತು. 2021ರಲ್ಲಿ ಎಂಡ್ಯೂರೆನ್ಸ್ ಮತ್ತು ವೆಬ್ ಡಾಟ್ ಕಾಮ್ ಸೇರಿ ನ್ಯೂಫೋಲ್ಡ್ ಡಿಜಿಟಲ್ ಆಯಿತು. ಇದು ಯಾರ ಮೇಲೂ ದೂರು ಅಲ್ಲ, ಈ ಉದ್ಯಮ ಇರುವುದೇ ಹೀಗೆ. ಬದಲಾಯಿಸುವ ಮುಂಚೆ ಮಾಲೀಕರು ಯಾರು ಅಂತ ನೋಡಿಕೊಳ್ಳಿ, ಅಷ್ಟೇ.

ಡೊಮೈನ್ ಸಾಲಿನ ಬಗ್ಗೆ ನ್ಯಾಯವಾಗಿ ಹೇಳಬೇಕು. ಡಾಟ್ ಕಾಮ್‌ನ ಸಗಟು ದರವೇ ಏರಿದೆ. ಅದನ್ನು ನಡೆಸುವ ವೆರಿಸೈನ್ 2021ಕ್ಕೆ ಮೊದಲು 7.85 ಡಾಲರ್ ತಗೊಳ್ಳುತ್ತಿತ್ತು. ವರ್ಷ ವರ್ಷ ಏರಿಸುತ್ತಾ 2024ರ ಸೆಪ್ಟೆಂಬರ್‌ಗೆ 10.26 ಡಾಲರ್ ಮಾಡಿತು. ಅಂದರೆ ಸುಮಾರು 900 ರೂಪಾಯಿ ಕಂಪನಿಯ ಕೈಯಿಂದಲೇ ಹೋಗುತ್ತದೆ. 1,299 ಜಾಸ್ತಿಯೇ, ಆದರೆ ಲೂಟಿ ಅಲ್ಲ. ಲೂಟಿ ಇರುವುದು ಉಳಿದ ಮೂರು ಸಾಲಿನಲ್ಲಿ.

ಹುಬ್ಬಳ್ಳಿ_ವೆಬ್

ಸಿಸ್‌ಅಡ್ಮಿನ್ ಸರ್ ಹೇಳಿದ್ದು ಸರಿ. ಕಾರ್ಟ್‌ನಲ್ಲಿ ತುರುಕುವ ಬಾಬತ್ತುಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಎಸ್‌ಎಸ್‌ಎಲ್‌ಗೆ, ಅಂದರೆ ಸೈಟ್‌ನ ಸಂಪರ್ಕ ಸುರಕ್ಷಿತವಾಗಿಡುವ ಸರ್ಟಿಫಿಕೇಟ್‌ಗೆ, ದುಡ್ಡು ಕೇಳಿದರೆ ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2016ರಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಸಣ್ಣ ಸೈಟ್‌ಗೆ ಅದು ಧಾರಾಳ ಸಾಕು. ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಬೇಕಂತಲೇ ಆ ಸೌಲಭ್ಯ ತೆಗೆದು, ವರ್ಷಕ್ಕೆ ಸಾವಿರಾರು ರೂಪಾಯಿಯ ಸರ್ಟಿಫಿಕೇಟ್ ತೋರಿಸುತ್ತಾರೆ. ಡೊಮೈನ್ ಪ್ರೈವಸಿ ಅಂತ ಇನ್ನೊಂದು. 2018ರಲ್ಲಿ ಯೂರೋಪಿನ ಡೇಟಾ ಕಾನೂನು ಜಾರಿಗೆ ಬಂದ ಮೇಲೆ ಡಾಟ್ ಕಾಮ್‌ನಂಥ ಡೊಮೈನ್‌ಗಳಲ್ಲಿ ಮಾಲೀಕರ ಫೋನ್, ವಿಳಾಸ ಹೆಚ್ಚಿನ ಕಡೆ ತಾನಾಗಿಯೇ ಮರೆಯಾಗಿರುತ್ತದೆ. ಅದಕ್ಕೆ ಬೇರೆ ದುಡ್ಡು ಯಾಕೆ?

ಇಮೇಲ್ ಇನ್ನೂ ದೊಡ್ಡ ಬಲೆ. ಮೊದಲ ವರ್ಷ ಪುಕ್ಕಟೆ, ಎರಡನೇ ವರ್ಷದಿಂದ ಒಂದೊಂದು ಮೇಲ್‌ಬಾಕ್ಸ್‌ಗೆ ಇಷ್ಟು ಅಂತ. ಅಷ್ಟರೊಳಗೆ ಬ್ಯಾಂಕ್, ಜಿಎಸ್‌ಟಿ, ಗಿರಾಕಿ, ಎಲ್ಲರ ಹತ್ತಿರವೂ ಆ ವಿಳಾಸ ಹೋಗಿರುತ್ತದೆ.

ಕುಡ್ಲ_ಓದುಗ

ನನ್ನದು ಆಟೊ ರಿನ್ಯೂವಲ್ ಕಥೆ. ಒಂದು ಬ್ಲಾಗ್ ಇತ್ತು, ಬರೆಯುವುದು ನಿಲ್ಲಿಸಿದ್ದೆ. ಕ್ಯಾನ್ಸಲ್ ಮಾಡಲು ಹೋದರೆ ಬಟನ್ನೇ ಇಲ್ಲ. ಚಾಟ್‌ನಲ್ಲಿ ಕೇಳಿದರೆ ಫೋನ್ ಮಾಡಿ ಅಂದರು. ಫೋನ್ ಮಾಡಿದರೆ ಟಿಕೆಟ್ (ಅವರ ಸೈಟ್‌ನಲ್ಲಿ ಬರೆದು ಕೊಡುವ ದೂರು) ಹಾಕಿ ಅಂದರು. ಟಿಕೆಟ್‌ಗೆ ಉತ್ತರ ಬಂತು: "ಅವಧಿ ಮುಗಿಯುವ 30 ದಿನ ಮುಂಚೆ ತಿಳಿಸಬೇಕಿತ್ತು, ಈಗ ಆಗುವುದಿಲ್ಲ." ನಾನು ಕೇಳಿದ್ದು 30 ದಿನಕ್ಕಿಂತ ಮುಂಚೆಯೇ. ಅವರು ಲೆಕ್ಕ ಹಾಕಿದ್ದು ಟಿಕೆಟ್ ಹಾಕಿದ ದಿನದಿಂದ.

ಕೊನೆಗೆ ಕೈಹಿಡಿದದ್ದು ಬ್ಯಾಂಕಿನ ಎಸ್‌ಎಂಎಸ್. "ಇಂಥ ದಿನ ಇಷ್ಟು ಹಣ ಕಡಿತವಾಗಲಿದೆ" ಅಂತ ಮೊದಲೇ ಬಂತು. ಅದರಲ್ಲಿದ್ದ ಲಿಂಕ್‌ನಿಂದ ಹೋಗಿ ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ಕೊಟ್ಟ ಅನುಮತಿ) ರದ್ದು ಮಾಡಿದೆ. ದುಡ್ಡು ಉಳಿಯಿತು.

ಮೈಸೂರು_ವಕೀಲೆ

ಕುಡ್ಲದವರು ಹೇಳಿದ ಎಸ್‌ಎಂಎಸ್ ಬ್ಯಾಂಕಿನವರ ದಾಕ್ಷಿಣ್ಯ ಅಲ್ಲ. ಅದು ರಿಸರ್ವ್ ಬ್ಯಾಂಕಿನ ನಿಯಮ. 2021ರ ಅಕ್ಟೋಬರ್ 1ರಿಂದ ಕಾರ್ಡ್ ಅಥವಾ ಯುಪಿಐನಲ್ಲಿ ತಾನಾಗಿ ಹಣ ಕಡಿಯುವುದಕ್ಕೆ ಇ-ಮ್ಯಾಂಡೇಟ್ ಬೇಕು. ಕಡಿಯುವ ಕನಿಷ್ಠ 24 ಗಂಟೆ ಮೊದಲು ನಿಮಗೆ ತಿಳಿಸಬೇಕು. ಬೇಡ ಅನ್ನುವ ಅವಕಾಶ ಅದರಲ್ಲೇ ಇರಬೇಕು. ಮೊದಲು ಒಟಿಪಿ ಇಲ್ಲದೆ 5,000 ರೂಪಾಯಿ ತನಕ ಕಡಿಯಬಹುದಿತ್ತು, 2022ರಲ್ಲಿ ಅದನ್ನು 15,000ಕ್ಕೆ ಏರಿಸಿದರು. ಶಿರಸಿಯವರ 11,119 ಈ ಮಿತಿಯ ಒಳಗೇ ಬರುತ್ತದೆ, ಒಟಿಪಿ ಕೇಳದೆಯೇ ಹೋಗಬಹುದು. ಹಾಗಾಗಿ ಬ್ಯಾಂಕ್ ಆ್ಯಪ್‌ನಲ್ಲಿ ಮ್ಯಾಂಡೇಟ್ ಇದೆಯಾ ಅಂತ ಇವತ್ತೇ ನೋಡಿ.

ಈಗ ಕಾನೂನು. ನಾನು ಗ್ರಾಹಕ ಆಯೋಗದಲ್ಲಿ ಕೇಸ್ ನಡೆಸುವವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆಯನ್ನು ಗ್ರಾಹಕರ ಒಪ್ಪಿಗೆ ಅಂತ ಲೆಕ್ಕ ಹಿಡಿಯುವಂತಿಲ್ಲ. ನೀವೇ ಕೈಯಾರೆ ಒತ್ತಿ ಒಪ್ಪಿರಬೇಕು. ಹೊರದೇಶದ ಕಂಪನಿ ಆದರೂ ಇಲ್ಲಿಯವರಿಗೆ ನಿಯಮಿತವಾಗಿ ಮಾರುತ್ತಿದ್ದರೆ ಅವರಿಗೂ ಇದು ಅನ್ವಯ.

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿ ತಂದಿತು. ಅದರಲ್ಲಿ 13 ಬಗೆಯ ಮೋಸದ ವಿನ್ಯಾಸ ಪಟ್ಟಿ ಮಾಡಿದ್ದಾರೆ. ಕೇಳದ ವಸ್ತು ಕಾರ್ಟ್‌ಗೆ ಸೇರಿಸುವುದು, ಬೆಲೆಯನ್ನು ತುಂಡು ತುಂಡಾಗಿ ಕೊನೆಗೆ ತೋರಿಸುವುದು, ಸೇರುವುದು ಸುಲಭ ಮಾಡಿ ಬಿಡುವುದು ಕಷ್ಟ ಮಾಡುವುದು, "ಇನ್ನು ಹತ್ತೇ ನಿಮಿಷ" ಅಂತ ಸುಳ್ಳು ಗಡಿಯಾರ ಓಡಿಸುವುದು, ಎಲ್ಲವೂ ಅದರಲ್ಲಿವೆ. ನಿಮ್ಮ ಬಿಲ್ಲಿನ ಸೊನ್ನೆ ರೂಪಾಯಿ ಸಾಲುಗಳು, ಕುಡ್ಲದವರಿಗೆ ಸಿಗದ ಕ್ಯಾನ್ಸಲ್ ಬಟನ್, ಎರಡಕ್ಕೂ ಇಲ್ಲಿ ಜಾಗ ಇದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಒಪ್ಪಂದ ಅಂತ ಒಂದು ವ್ಯಾಖ್ಯೆಯೇ ಇದೆ. ಸೆಕ್ಷನ್ 2(46). ಸಕಾರಣ ಇಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯಬಹುದು ಅನ್ನುವ ಷರತ್ತು, ಗ್ರಾಹಕರ ಮೇಲೆ ವಿಪರೀತ ಶುಲ್ಕ ಹೇರುವ ಷರತ್ತು, ಇಂಥವು ಅದರಲ್ಲಿ ಬರುತ್ತವೆ. ಆ ಷರತ್ತನ್ನೇ ಅಸಿಂಧು ಅಂತ ಘೋಷಿಸುವ ಅಧಿಕಾರ ರಾಜ್ಯ ಆಯೋಗಕ್ಕೆ, ರಾಷ್ಟ್ರೀಯ ಆಯೋಗಕ್ಕೆ ಇದೆ. ಜಿಲ್ಲಾ ಆಯೋಗಕ್ಕೆ ಇಲ್ಲ. ಆದರೆ ಅನುಚಿತ ವ್ಯಾಪಾರ ಪದ್ಧತಿ, ಸೇವೆಯಲ್ಲಿ ಲೋಪ ಅಂತ ಜಿಲ್ಲಾ ಆಯೋಗಕ್ಕೇ ಹೋಗಬಹುದು. ನಿಮ್ಮಂಥ ಬಿಲ್‌ಗಳಿಗೆ ಆ ದಾರಿಯೇ ಸುಲಭ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀಸ್ ಇಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿ ಇರುವ ಊರಿಗೆ ಹೋಗಬೇಕಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಿವಾದ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು.

"ವ್ಯಾಪಾರಕ್ಕೆ ತಗೊಂಡಿದ್ದೀರಿ, ನೀವು ಗ್ರಾಹಕರೇ ಅಲ್ಲ" ಅಂತ ಅವರ ಕಡೆಯವರು ವಾದಿಸುತ್ತಾರೆ. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾಡುವ ಕೆಲಸಕ್ಕೆ ಅಂತಲೇ ತಗೊಂಡದ್ದು ವಾಣಿಜ್ಯ ಉದ್ದೇಶ ಆಗುವುದಿಲ್ಲ ಅಂತ ಕಾಯ್ದೆಯ ವಿವರಣೆಯಲ್ಲೇ ಇದೆ. ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ನಿಮ್ಮ ಅಕ್ಕ ಆ ವಿವರಣೆಯೊಳಗೆ ಬರುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ನೇರ_ವ್ಯಾಪಾರಿ

ಷರತ್ತಿನಲ್ಲಿ "ವಿವಾದ ಇದ್ದರೆ ಆರ್ಬಿಟ್ರೇಷನ್ ಮಾತ್ರ" ಅಂತ, ಅಂದರೆ ಕೋರ್ಟ್ ಬದಲು ಮಧ್ಯಸ್ಥರ ಮುಂದೆ ಮಾತ್ರ ಅಂತ ಇರುತ್ತದಲ್ಲ? ಒಪ್ಪಿ ಸಹಿ ಹಾಕಿದ ಮೇಲೆ ಆಯೋಗಕ್ಕೆ ಹೇಗೆ ಹೋಗುತ್ತೀರಿ?

ಮೈಸೂರು_ವಕೀಲೆ

ಹೋಗಬಹುದು. 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಆರ್ಬಿಟ್ರೇಷನ್ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಡೊಮೈನ್ ಆಟೊ ರಿನ್ಯೂ ಆಫ್ ಮಾಡಬೇಡಿ ಅಂತ ಹುಬ್ಬಳ್ಳಿಯವರು ಹೇಳಿದರಲ್ಲ, ಅದನ್ನು ಎಲ್ಲರೂ ಗಟ್ಟಿ ಹಿಡಿದುಕೊಳ್ಳಿ.

ನಮ್ಮ ಕಡೆಯ ಒಂದು ಸಣ್ಣ ಕನ್ನಡ ಕೂಟದ ಕಥೆ ಇದು. ಕೂಟದಲ್ಲಿ ಸಮಿತಿ ಬದಲಾಗುತ್ತಾ ಇರುತ್ತದೆ. ಡೊಮೈನ್ ತಗೊಂಡದ್ದು ಹಳೇ ಸಮಿತಿಯವರೊಬ್ಬರ ಹೆಸರಲ್ಲಿ, ಅವರ ಇಮೇಲ್‌ನಲ್ಲಿ. ಅವರು ಬೇರೆ ರಾಜ್ಯಕ್ಕೆ ಹೋದರು. ಕಾರ್ಡ್ ಅವಧಿ ಮುಗಿಯಿತು. ನೆನಪಿನ ಮೇಲ್‌ಗಳೆಲ್ಲ ಯಾರೂ ನೋಡದ ವಿಳಾಸಕ್ಕೆ ಹೋದವು. ರಾಜ್ಯೋತ್ಸವದ ಟಿಕೆಟ್ ಮಾರಾಟ ಶುರುವಾಗುವ ಹೊತ್ತಿಗೆ ಸೈಟ್ ತೆರೆದರೆ ಯಾವುದೋ ಜಾಹೀರಾತು ಪುಟ.

ಆಗ ತಿಳಿದ ವಿಷಯ. ಡಾಟ್ ಕಾಮ್, ಡಾಟ್ ಆರ್ಗ್ ಥರದ ಡೊಮೈನ್‌ಗಳಿಗೆ ಐಕ್ಯಾನ್ (ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ ಇದೆ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಂದು, ಒಂದು ವಾರ ಮೊದಲು ಇನ್ನೊಂದು ನೋಟಿಸ್ ಕಳಿಸಬೇಕು. ಮುಗಿದ ಐದು ದಿನದೊಳಗೆ ಮತ್ತೊಂದು. ಆಮೇಲೂ ರಿಜಿಸ್ಟ್ರಾರ್ (ಡೊಮೈನ್ ಮಾರುವ ಕಂಪನಿ) ಸ್ವಲ್ಪ ಕಾಲ ಮಾಮೂಲಿ ದರಕ್ಕೆ ರಿನ್ಯೂ ಮಾಡಲು ಬಿಡಬಹುದು, ಅದು ಅವರ ಇಷ್ಟ. ಅಳಿಸಿದ ಮೇಲೆ 30 ದಿನ ರಿಡೆಂಪ್ಷನ್ ಅವಧಿ. ಆಗ ವಾಪಸ್ ಬೇಕೆಂದರೆ ದೊಡ್ಡ ಶುಲ್ಕ. ನಮಗೆ ನೂರು ಡಾಲರ್‌ಗಿಂತ ಜಾಸ್ತಿ ಬಿತ್ತು. ಅದೂ ದಾಟಿದರೆ ಐದು ದಿನ ಬಿಟ್ಟು ಯಾರು ಬೇಕಾದರೂ ತಗೊಳ್ಳಬಹುದು.

ಸಂಘ, ದೇವಸ್ಥಾನ, ಶಾಲೆ ಯಾವುದೇ ಇರಲಿ, ಡೊಮೈನ್ ಒಬ್ಬ ವ್ಯಕ್ತಿಯ ಸ್ವಂತ ಇಮೇಲ್‌ನಲ್ಲಿ ಇಡಬೇಡಿ. ಸಮಿತಿಗೆ ಅಂತಲೇ ಒಂದು ಇಮೇಲ್ ಮಾಡಿ, ಪಾಸ್‌ವರ್ಡ್ ಲೆಕ್ಕಪತ್ರದ ಜೊತೆ ಹೊಸಬರಿಗೆ ಒಪ್ಪಿಸಿ. ಆ ಇಮೇಲ್ ಅದೇ ಡೊಮೈನ್‌ನ ಮೇಲೆ ಇರಬಾರದು. ಡೊಮೈನ್ ನಿಂತರೆ ನೋಟಿಸ್ ಬರುವ ಇಮೇಲೂ ನಿಲ್ಲುತ್ತದೆ.

ಧಾರವಾಡ_ಸಂಪಾದಕ

ಬೆಲೆ ಒಂದು ಕಡೆ. ನನಗೆ ಜಾಸ್ತಿ ಸಂಕಟ ಆದದ್ದು "ಅನ್‌ಲಿಮಿಟೆಡ್" ಅನ್ನುವುದರಿಂದ. ನಾವು ಕೆಲವು ಗೆಳೆಯರು ಸೇರಿ ಒಂದು ಹಳೇ ಕನ್ನಡ ಮಾಸಪತ್ರಿಕೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ವೆಬ್‌ನಲ್ಲಿ ಇಡುತ್ತಿದ್ದೆವು. ಅನ್‌ಲಿಮಿಟೆಡ್ ಸ್ಟೋರೇಜ್ ಅಂತ ಹೇಳಿದ್ದಕ್ಕೇ ಆ ಪ್ಲಾನ್ ತಗೊಂಡದ್ದು. ಒಂದು ದಿನ ಅಕೌಂಟ್ ಸಸ್ಪೆಂಡ್. ಕಾರಣ ಕೇಳಿದರೆ "ಐನೋಡ್ ಮಿತಿ ಮೀರಿದೆ" ಅಂದರು. ಜಾಗಕ್ಕೆ ಮಿತಿ ಇಲ್ಲವಂತೆ, ಫೈಲ್‌ಗಳ ಸಂಖ್ಯೆಗೆ ಮಿತಿ ಇದೆಯಂತೆ. ನಮ್ಮದು ಒಂದೊಂದು ಪುಟವೂ ಒಂದೊಂದು ಫೈಲ್. ಅದಕ್ಕೊಂದು ಸಣ್ಣ ಚಿತ್ರ ಬೇರೆ.

ಏಳು ದಿನದಲ್ಲಿ ಮೇಲಿನ ಪ್ಲಾನ್ ತಗೊಳ್ಳಿ, ಇಲ್ಲದಿದ್ದರೆ ಡೇಟಾ ಅಳಿಸುತ್ತೇವೆ ಅಂದರು. ಸಸ್ಪೆಂಡ್ ಆದ ಮೇಲೆ ನಮ್ಮ ಫೈಲ್‌ಗಳನ್ನು ಇಳಿಸಿಕೊಳ್ಳಲೂ ಬಿಡಲಿಲ್ಲ. ಬ್ಯಾಕಪ್ ಕೊಡಿ ಅಂದರೆ ಅದಕ್ಕೆ ಬೇರೆ ಶುಲ್ಕ. ನಮ್ಮದೇ ಫೈಲು! ಆ ಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡೋಣ ಅಂದರೆ ಕೆಲವು ಸಂಚಿಕೆಗಳು ಎರವಲು ತಂದವು, ವಾಪಸ್ ಕೊಟ್ಟಾಗಿತ್ತು. ಕೊನೆಗೆ ಶುಲ್ಕ ಕಟ್ಟಿ ಬಿಡಿಸಿಕೊಂಡೆವು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಜಯನಗರ_ಸಿಸ್‌ಅಡ್ಮಿನ್

ಸಂಪಾದಕರೇ, ಓದಿ ಬೇಸರವಾಯಿತು. ಇದು ಬಹಳ ಮಂದಿಗೆ ಆಗುತ್ತದೆ.

ಅನ್‌ಲಿಮಿಟೆಡ್ ಅನ್ನುವ ಪ್ಲಾನ್‌ನಲ್ಲಿ ಮಿತಿ ಇಲ್ಲದೆ ಇರಲು ಸಾಧ್ಯವೇ ಇಲ್ಲ. ಹಂಚಿಕೆಯ ಸರ್ವರ್‌ಗಳಲ್ಲಿ ಕ್ಲೌಡ್‌ಲಿನಕ್ಸ್ ಥರದ ವ್ಯವಸ್ಥೆ ಇರುತ್ತದೆ. ಅದು ಒಂದೊಂದು ಅಕೌಂಟ್‌ಗೂ ಸಿಪಿಯು, ಮೆಮೊರಿ, ಒಂದೇ ಹೊತ್ತಿಗೆ ನಡೆಯುವ ಕೆಲಸಗಳ ಸಂಖ್ಯೆ, ಡಿಸ್ಕ್ ಓದುವ ವೇಗ, ಎಲ್ಲಕ್ಕೂ ಗೆರೆ ಹಾಕುತ್ತದೆ. ಗೆರೆ ಮುಟ್ಟಿದರೆ ಸೈಟ್ ನಿಧಾನ ಆಗುತ್ತದೆ, ಅಥವಾ 508 ಅನ್ನುವ ಎರರ್ ಬರುತ್ತದೆ. ಗೆರೆ ಹಾಕುವುದು ತಪ್ಪಲ್ಲ. ಹಾಕದಿದ್ದರೆ ಒಬ್ಬರ ಸೈಟ್‌ನಿಂದ ನೂರು ಜನರ ಸೈಟ್ ಬೀಳುತ್ತದೆ. ತಪ್ಪು ಇರುವುದು ಆ ಅಂಕಿಗಳನ್ನು ಮಾರುವ ಪುಟದಲ್ಲಿ ಹೇಳದೆ, ಷರತ್ತಿನ ಯಾವುದೋ ಮೂಲೆಯ "ಫೇರ್ ಯೂಸ್" ಪುಟದಲ್ಲಿ ಬಚ್ಚಿಡುವುದರಲ್ಲಿ.

ಕೊಳ್ಳುವ ಮುಂಚೆ ಚಾಟ್‌ನಲ್ಲಿ ನೇರವಾಗಿ ಕೇಳಿ: ಐನೋಡ್ ಎಷ್ಟು? ಮೆಮೊರಿ ಎಷ್ಟು? ಎಂಟ್ರಿ ಪ್ರೊಸೆಸ್ (ಒಂದೇ ಹೊತ್ತಿಗೆ ನಡೆಯುವ ಕೆಲಸ) ಎಷ್ಟು? ನಾಲ್ಕನೇ ವರ್ಷ ಎಷ್ಟು ಕಟ್ಟಬೇಕು? ಸಸ್ಪೆಂಡ್ ಆದರೆ ನನ್ನ ಡೇಟಾ ಎಷ್ಟು ದಿನ ಇಡುತ್ತೀರಿ, ಇಳಿಸಿಕೊಳ್ಳಲು ಬಿಡುತ್ತೀರಾ? ಅಂಕಿ ಕೊಟ್ಟರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸುತ್ತಿಬಳಸಿ ಮಾತಾಡಿದರೆ ಬಿಟ್ಟುಬಿಡಿ.

30 ದಿನದ ಮನಿ ಬ್ಯಾಕ್ ಅನ್ನುವುದನ್ನೂ ಸರಿಯಾಗಿ ನೋಡಿ. ಸಾಮಾನ್ಯವಾಗಿ ಅದು ಮೊದಲ ಬಿಲ್ಲಿಗೆ ಮಾತ್ರ, ರಿನ್ಯೂವಲ್‌ಗೆ ಇರುವುದಿಲ್ಲ. "ಉಚಿತ" ಡೊಮೈನ್‌ನ ಪೂರ್ತಿ ಬೆಲೆ ಕಳೆದು ಉಳಿದದ್ದನ್ನು ಕೊಡುತ್ತಾರೆ.

ಶಿರಸಿ_ತಮ್ಮ

ಎಲ್ಲರಿಗೂ ಧನ್ಯವಾದ. ಇವತ್ತು ನಡೆದದ್ದು ಹೇಳುತ್ತೇನೆ. ಹೋಸ್ಟಿಂಗ್ ಕ್ಯಾನ್ಸಲ್ ಬಟನ್ ಒತ್ತಿದೆ. ತಕ್ಷಣ ಒಂದು ಪುಟ ಬಂತು: "ಹೋಗಬೇಡಿ, ನಿಮಗಾಗಿ ತಿಂಗಳಿಗೆ 249." ಬೇಡ ಅಂತ ಒತ್ತಿದೆ. ಚಾಟ್‌ಗೆ ಕಳಿಸಿದರು. ಅಲ್ಲಿ ಒಬ್ಬರು "ಸರ್, ಮೂರು ವರ್ಷಕ್ಕೆ ಕಟ್ಟಿದರೆ 149ಕ್ಕೆ ಮಾಡಿಕೊಡುತ್ತೇನೆ" ಅಂದರು.

ಅಂದರೆ ಬೆಳಿಗ್ಗೆ ಕಳಿಸಿದ ಬಿಲ್ಲಿನಲ್ಲಿ 499, ಸಂಜೆ 149. ಸುಮ್ಮನೆ ಕಟ್ಟಿದವರಿಗೆ 499, ಜಗಳ ಆಡಿದವರಿಗೆ 149. ನನಗಾದರೆ ಕೂತು ಚಾಟ್ ಮಾಡಲು ಬರುತ್ತದೆ. ಇಂಗ್ಲಿಷ್ ಬಾರದ, ಇದೆಲ್ಲ ತಿಳಿಯದ ಎಷ್ಟು ಜನ ಸಣ್ಣ ವ್ಯಾಪಾರಿಗಳು ಪೂರ್ತಿ ಕಟ್ಟಿರುತ್ತಾರೋ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಅಕ್ಕನ ಹತ್ತಿರ ಮಾತಾಡಿದೆ. "149 ಆದರೂ ಬೇಡ, ನಂಬಿಕೆ ಹೋಯಿತು" ಅಂದರು. ಬೇರೆ ಕಡೆ ಹೋಗುತ್ತೇವೆ. ಇಮೇಲ್ ತಪ್ಪಿಹೋಗದ ಹಾಗೆ ಹೇಗೆ ಸಾಗಿಸುವುದು? ಶ್ರಾವಣ ಶುರುವಾದರೆ ಆರ್ಡರ್ ಜಾಸ್ತಿ, ಅಷ್ಟರೊಳಗೆ ಮುಗಿಸಬೇಕು.

ಹುಬ್ಬಳ್ಳಿ_ವೆಬ್

ಅಕ್ಕ ಸರಿಯಾದದ್ದನ್ನೇ ಹೇಳಿದ್ದಾರೆ. ಕ್ಯಾನ್ಸಲ್ ಮಾಡುವಾಗ "ಅವಧಿ ಮುಗಿದ ಮೇಲೆ" ಅಂತ ಆರಿಸಿ, "ಈಗಲೇ" ಅಂತ ಅಲ್ಲ. ಈಗಲೇ ಅಂತ ಒತ್ತಿದರೆ ಕೆಲವರು ಆ ಕ್ಷಣಕ್ಕೇ ಅಳಿಸುತ್ತಾರೆ.

ಮೊದಲು ಪೂರ್ತಿ ಬ್ಯಾಕಪ್ ಇಳಿಸಿಕೊಳ್ಳಿ. ಫೈಲುಗಳು, ಡೇಟಾಬೇಸ್, ಎರಡೂ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು, ಪೆನ್ ಡ್ರೈವ್‌ನಲ್ಲಿ ಒಂದು ಇರಲಿ. ಹೊಸ ಹೋಸ್ಟಿಂಗ್ ತಗೊಂಡು ಅಲ್ಲಿ ಸೈಟ್ ನಿಲ್ಲಿಸಿ, ಎಲ್ಲ ಪುಟ ತೆರೆಯುತ್ತದಾ, ಆರ್ಡರ್ ಫಾರ್ಮ್ ಕೆಲಸ ಮಾಡುತ್ತದಾ ನೋಡಿ. ಹಳೇದು ಇನ್ನೂ ನಡೆಯುತ್ತಾ ಇರಲಿ. ಮುಗಿಯುವ ಕನಿಷ್ಠ ಎರಡು ವಾರ ಮುಂಚೆ ಇದೆಲ್ಲ ಆಗಬೇಕು.

ಇಮೇಲ್‌ಗೆ ನಾನಾದರೆ ಹೀಗೆ ಮಾಡುತ್ತೇನೆ. ಹೊಸ ಕಡೆ ಅದೇ ಹೆಸರಿನ ಮೇಲ್‌ಬಾಕ್ಸ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಅನ್ನುವ ಇಮೇಲ್ ಸಾಫ್ಟ್‌ವೇರ್ ಹಾಕಿ, ಹಳೇದು ಹೊಸದು ಎರಡನ್ನೂ ಐಮ್ಯಾಪ್‌ನಲ್ಲಿ (ಮೇಲ್ ಸರ್ವರ್‌ನಲ್ಲೇ ಉಳಿಯುವ ವಿಧಾನ) ಸೇರಿಸಿ, ಹಳೇ ಮೇಲ್‌ಗಳನ್ನು ಎಳೆದು ಹೊಸದಕ್ಕೆ ಹಾಕಿ. ಆಮೇಲೆ ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿಳಾಸ ಪಟ್ಟಿ) ಎಂಎಕ್ಸ್ (ಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ಸಾಲು) ಬದಲಾಯಿಸಿ. ಬದಲಾಯಿಸುವ ಒಂದು ದಿನ ಮುಂಚೆ ಟಿಟಿಎಲ್ ಅನ್ನು (ಹಳೇ ವಿವರ ಎಷ್ಟು ಹೊತ್ತು ನೆನಪಿಡಬೇಕು ಅನ್ನುವ ಅಂಕಿ) 300 ಸೆಕೆಂಡಿಗೆ ಇಳಿಸಿ. ಆಗ ಬದಲಾವಣೆ ಬೇಗ ಹರಡುತ್ತದೆ. ಬದಲಾಯಿಸಿದ ಮೇಲೂ ಎರಡು ಮೂರು ದಿನ ಹಳೇ ಮೇಲ್‌ಬಾಕ್ಸ್ ನೋಡುತ್ತಾ ಇರಿ, ಒಂದೊಂದು ಮೇಲ್ ಅಲ್ಲಿಗೆ ಬರಬಹುದು.

ಡೊಮೈನ್ ಅನ್ನು ಹೋಸ್ಟಿಂಗ್ ಕಂಪನಿಯಲ್ಲಿ ಇಡಬೇಡಿ. ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಿ. ಹಳೇ ಕಂಪನಿಯಲ್ಲಿ ಲಾಕ್ ತೆಗೆದು ಆತ್ ಕೋಡ್ (ಡೊಮೈನ್ ವರ್ಗಾಯಿಸಲು ಬೇಕಾದ ಗುಪ್ತ ಕೋಡ್) ಕೇಳಿ. ಡಾಟ್ ಕಾಮ್ ಆದರೆ ಕೇಳಿದ ಐದು ದಿನದೊಳಗೆ ಕೊಡಲೇಬೇಕು. ವರ್ಗಾವಣೆಗೆ ಕಟ್ಟುವ ದುಡ್ಡಿಗೆ ಒಂದು ವರ್ಷ ಸೇರಿಕೊಳ್ಳುತ್ತದೆ, ಉಳಿದ ದಿನಗಳೂ ಹೋಗುವುದಿಲ್ಲ. ಆ 1,299 ಅವರಿಗೆ ಕೊಡುವ ಅಗತ್ಯವೇ ಬರುವುದಿಲ್ಲ. ಕೊನೆಯ ವಾರಕ್ಕೆ ಮಾತ್ರ ಬಿಡಬೇಡಿ. ಹೊಸ ಕಡೆ ಬಂದು ಕೂತ ಮೇಲೆ ಹಳೇ ಕಡೆ ಡೊಮೈನ್ ಪಟ್ಟಿಯಲ್ಲಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಮೈಸೂರು_ವಕೀಲೆ

ಹೋಗುವ ಮೊದಲು ದೂರು ಹಾಕಿಯೇ ಹೋಗಿ. 249, 149 ಅಂತ ಬಂದ ಪುಟ ಮತ್ತು ಚಾಟ್ ಎರಡರ ಪ್ರತಿ ಇಟ್ಟುಕೊಳ್ಳಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಆದರೆ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಬರೆಯುವುದಾದರೆ ಇದನ್ನು ಹಾಗೇ ಬಳಸಿಕೊಳ್ಳಿ:

"ಹೋಸ್ಟಿಂಗ್ ಸೇವೆಯನ್ನು ತಿಂಗಳಿಗೆ 99 ರೂಪಾಯಿ ಅಂತ ಜಾಹೀರಾತು ನೀಡಿ ಮಾರಿದ್ದಾರೆ. ಮಾರುವಾಗ ರಿನ್ಯೂವಲ್ ದರವನ್ನು ಅಂಕಿಯಲ್ಲಿ ತಿಳಿಸಿಲ್ಲ. ನಾನು ಕೇಳದ ಎರಡು ಸೇವೆಗಳನ್ನು 0 ರೂಪಾಯಿಗೆ ಸೇರಿಸಿ, ರಿನ್ಯೂವಲ್‌ನಲ್ಲಿ ತೆರಿಗೆ ಬಿಟ್ಟು 2,136 ರೂಪಾಯಿ ಕೇಳಿದ್ದಾರೆ. ಇದಕ್ಕೆ ನನ್ನ ಸ್ಪಷ್ಟ ಒಪ್ಪಿಗೆ ಪಡೆದಿಲ್ಲ. ಇದು 2020ರ ಇ-ಕಾಮರ್ಸ್ ನಿಯಮಗಳಿಗೆ ಮತ್ತು 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗೆ ವಿರುದ್ಧ. ಈ ಸಾಲುಗಳನ್ನು ತೆಗೆದುಹಾಕಬೇಕು. ನನ್ನ ಡೊಮೈನ್‌ನ ಆತ್ ಕೋಡ್ ಮತ್ತು ಪೂರ್ತಿ ಡೇಟಾವನ್ನು ಯಾವ ಶುಲ್ಕವೂ ಇಲ್ಲದೆ ಕೊಡಬೇಕು."

ಹಳೇ ಬಿಲ್, ಹೊಸ ಬಿಲ್, ಖರೀದಿ ಮಾಡಿದ ದಿನದ ಸ್ಕ್ರೀನ್‌ಶಾಟ್, ಮೂರನ್ನೂ ಲಗತ್ತಿಸಿ. ದೂರು ಅಕ್ಕನ ಹೆಸರಲ್ಲೇ ಇರಲಿ. ಬಿಲ್ ಯಾರ ಹೆಸರಲ್ಲಿ ಇದೆಯೋ ಅವರೇ ದೂರುದಾರರು.

ನೇರ_ವ್ಯಾಪಾರಿ

ಮೊದಲ ಬೆಲೆ ಕಡಿಮೆ ಇಡುವುದು ತಪ್ಪಲ್ಲ ಅನ್ನುವ ನನ್ನ ಮಾತು ಈಗಲೂ ಅದೇ. ಆದರೆ ಅಂಕಿ ಹೇಳದೆ ಮಾರುವುದು, ಕೇಳದ್ದನ್ನು ಬಿಲ್ಲಿಗೆ ಸೇರಿಸುವುದು ವ್ಯಾಪಾರ ಅಲ್ಲ. ನನ್ನ ಅಂಗಡಿಯ ಸೈಟ್‌ನ ಬಿಲ್ ಈಗಷ್ಟೇ ತೆಗೆದು ನೋಡಿದೆ. ಅದರಲ್ಲೂ ಎರಡು ಸೊನ್ನೆ ರೂಪಾಯಿ ಸಾಲು ಇವೆ. ವಕೀಲೆ ಮೇಡಂ, ಇನ್ನೂ ರಿನ್ಯೂವಲ್‌ಗೆ ಬಂದಿಲ್ಲದಿದ್ದರೆ ಈಗಲೇ ಅವನ್ನು ತೆಗೆಸಬಹುದಾ?

ಮೈಸೂರು_ವಕೀಲೆ

ತೆಗೆಸಬಹುದು, ಈಗಲೇ ತೆಗೆಸಿ. ಟಿಕೆಟ್ ಹಾಕಿ "ಈ ಎರಡು ಸೇವೆ ನನಗೆ ಬೇಡ, ರಿನ್ಯೂವಲ್‌ಗೆ ಒಪ್ಪಿಗೆ ಇಲ್ಲ" ಅಂತ ಬರೆಯಿರಿ. ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಫೋನ್‌ನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಶಿರಸಿ_ತಮ್ಮ

ಅಕ್ಕನ ಹೆಸರಲ್ಲೇ ದೂರು ಹಾಕಿದ್ದೇವೆ, ನಂಬರ್ ಬಂದಿದೆ. ಆತ್ ಕೋಡ್ ಕೂಡ ಕೇಳಿದ್ದೇನೆ. ಕಂಪನಿಯಿಂದ ಏನು ಉತ್ತರ ಬಂದರೂ ಇಲ್ಲೇ ಹಾಕುತ್ತೇನೆ.